ಸರ್ ದನಿಯಲ್ಲಿ ಅಳಿಸಿದ ಇತಿಹಾಸ

ತಪ್ಪು ನನ್ನದೇ. ನಾನೇ ಮೊದಲು ಹೇಳಿಬಿಡುತ್ತೇನೆ; ಉಳಿದವರು ಹೇಳಿದರೆ ಇನ್ನೂ ಬಣ್ಣ ಹಚ್ಚುತ್ತಾರೆ.

ಎರಡು ವರ್ಷದ ಹಿಂದೆ ನಾನು ಕೊಪ್ಪಳದ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಪ್ರೋಗ್ರಾಮರ್. ಕುರಿಗಾರರಿಗೆ ರೋಗದ ಮಾಹಿತಿ ಕೊಡುವ ಆ್ಯಪ್ ಮಾಡುತ್ತಿದ್ದೆವು. ಬಿಡುವಾದಾಗ ಮುಖ್ಯಸ್ಥ ಶರಣಪ್ಪ ಸರ್ ಅವರ ಅಣಕು ಮಾಡಿ ವಿಡಿಯೊ ತೆಗೆದುಕೊಳ್ಳುವುದು ನನ್ನ ಚಟ. ಅವರ ಕೆಮ್ಮು, ಕನ್ನಡಕ ಏರಿಸುವ ಬೆರಳು, ‘ಒಂದ ಮಾತು ಹೇಳ್ತೀನಿ’ ಎಂದು ಹತ್ತು ಮಾತು ಹೇಳುವ ರೀತಿ, ಎಲ್ಲವೂ ಇದ್ದವು. ಅಂಥ ಒಂಬತ್ತು ವಿಡಿಯೊಗಳು, ಒಟ್ಟು 1.8 ಜಿಬಿ, ಒಂದು ದಿನ ಕೈತಪ್ಪಿ ಪ್ರೋಗ್ರಾಮಿನ ಜೊತೆ ರೆಪಾಸಿಟರಿಗೆ ಸೇರಿದವು.

ರೆಪಾಸಿಟರಿ ಎಂದರೆ ನಮ್ಮೆಲ್ಲರ ಕೆಲಸ ಕೂಡುವ ಉಗ್ರಾಣ. ಮರುದಿನವೇ ವಿಡಿಯೊ ಅಳಿಸಿದೆ. ಆದರೆ ಈ ಉಗ್ರಾಣ ಏನನ್ನೂ ಮರೆಯುವುದಿಲ್ಲ. ಅಳಿಸಿದ್ದೂ ಅದರ ಇತಿಹಾಸದಲ್ಲಿ ಹಾಗೇ ಕೂತಿರುತ್ತದೆ. ತಿಂಗಳಾದ ಮೇಲೆ ಸರ್ ಹೇಳಿದರು: “ನಾಳೆ ಇತಿಹಾಸ ಸಮೇತ ಎಲ್ಲಾ ಕುರಿಗಾರರ ಸಂಘಕ್ಕ ಒಪ್ಪಿಸೋದೈತಿ. ಯಾಕ ಇಷ್ಟ ಭಾರ ಆಗೈತಿ ನೋಡಪಾ, ದೊಡ್ಡ ಫೈಲ್ ತೆಗಿ.” ಹೇಳಿ ಗಂಗಾವತಿಗೆ ಹೊರಟರು. ಆ ಭಾರವೆಲ್ಲ ನನ್ನ ಅಣಕು ವಿಡಿಯೊಗಳದ್ದೇ.

ವಿಡಿಯೊಗಳ ಸುಳಿವೇ ಇಲ್ಲದಂತೆ ಇತಿಹಾಸವನ್ನು ಹೊಸದಾಗಿ ಬರೆದು ಸರ್ವರ್‌ಗೆ ಹಾಕಿದೆ. ಆದರೆ ಉಗ್ರಾಣದ ಪೂರ್ತಿ ಕಾಪಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ; ಒಬ್ಬರ ಹತ್ತಿರ ಹಳೆಯದು ಉಳಿದು ಅವರು ಅದನ್ನೇ ಮತ್ತೆ ಸೇರಿಸಿದರೂ ವಿಡಿಯೊಗಳೆಲ್ಲ ಎದ್ದು ಬರುತ್ತವೆ. ನಾನು ಹೇಳಿದರೆ ಯಾರು ಕೇಳುತ್ತಾರೆ? ಕಚೇರಿಯ ಲ್ಯಾಂಡ್‌ಲೈನ್ ಎತ್ತಿ, ಸರ್ ಹಾಗೇ ಕೆಮ್ಮಿ, ಯಲಬುರ್ಗಾದಲ್ಲಿದ್ದುಕೊಂಡೇ ನಮ್ಮ ಕಚೇರಿಗೆ ಕೆಲಸ ಮಾಡುವ ರೇಣುಕಾ ಅಕ್ಕನಿಗೆ ಹೇಳಿದೆ: “ಒಂದ ಮಾತು ಹೇಳ್ತೀನಿ. ಹಳೇ ಕಾಪಿ ಈಗಿಂದೀಗ ಅಳಿಸ್ರಿ, ಹೊಸಾದು ಇಳಿಸ್ಕೊಳ್ರಿ.”

“ಆತ್ರಿ ಸರ್,” ಎಂದರು. ಆ ಕಡೆ ಚಹಾದ ಕಪ್ಪು-ಬಸಿಯ ಸದ್ದು ಕೇಳಿತು. ನಾನು ಲಕ್ಷ್ಯ ಕೊಡಲಿಲ್ಲ.

ಅರ್ಧ ಗಂಟೆ ಬಿಟ್ಟು, ಯಾರು ಯಾವಾಗ ಏನು ಕಳಿಸಿದ್ದಾರೆಂಬ ಪಟ್ಟಿ ನೋಡಿದರೆ, ರೇಣುಕಾ ಅಕ್ಕ ಎಂಟು ದಿನದಿಂದ ಏನನ್ನೂ ಸರ್ವರ್‌ಗೆ ಕಳಿಸಿರಲಿಲ್ಲ. ಯಲಬುರ್ಗಾದ ನೆಟ್ ಆ ಭಾರ ಎಳೆಯದು; ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ತಂದುಕೊಡುವುದು ಅವರ ರೂಢಿ. ಆ ಎಂಟು ದಿನ ಅವರು ಹಟ್ಟಿಯಿಂದ ಹಟ್ಟಿಗೆ ಅಲೆದು, ರೋಗದ ಲಕ್ಷಣಗಳನ್ನು ಕುರಿಗಾರರ ಮಾತಿನಲ್ಲೇ ಬರೆದಿದ್ದರು. ಅದನ್ನು ನಾಳೆ ಒಪ್ಪಿಸಿದರೆ ಮಾತ್ರ ಅವರ ನೌಕರಿ ಕಾಯಂ. ಅದು ಇದ್ದದ್ದು ನಾನು ಅಳಿಸಲು ಹೇಳಿದ ಕಾಪಿಯಲ್ಲಿ.

ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಅದೇ. ನಾಳೆ ಒಪ್ಪಿಸಲು ಅವರು ಇವತ್ತೇ ಬರಬೇಕಲ್ಲ ಎಂದು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಯಲಬುರ್ಗಾದಿಂದ ಎರಡು ಬಸ್ ಬಂದವು, ಅವರಿಲ್ಲ. ಮೂರನೆಯದರಿಂದ ಇಳಿದರು.

“ಅಕ್ಕಾ, ಆ ಫೋನ್ ಮಾಡಿದ್ದು ನಾನರೀ. ಅಳಿಸಿಬಿಟ್ರೇನ್ರಿ?”

“ಇಲ್ಲ, ಎಲ್ಲಾ ಹಂಗ ಐತಿ. ಆ ಫೋನ್ ಬಂದಾಗ ಸರ್ ನನ್ನ ಮುಂದ ಕುಂತು ಚಹಾ ಕುಡಿಯಾಕತ್ತಿದ್ರಪಾ. ‘ಹ್ಞೂಂ ಅನ್ರಿ’ ಅಂತ ಸನ್ನೆ ಮಾಡಿದ್ರು. ಫೋನೂ ಅವರೇ ಬಂದ್ ಮಾಡ್ಸಿದ್ರು.”

ನಾಳೆ ಒಪ್ಪಿಸುವ ಅಕ್ಕನ ಬರಹ ನೋಡಲು ಗಂಗಾವತಿಯ ಕೆಲಸ ಬಿಟ್ಟು ಯಲಬುರ್ಗಾಕ್ಕೆ ಹೋಗಿದ್ದ ಸರ್, ಅವರ ಹಿಂದೆಯೇ ಇಳಿದು ಕನ್ನಡಕ ಏರಿಸಿದರು. ಇತಿಹಾಸ ತಿದ್ದುವ ಮೊದಲು ಯಾರ ಕೈಯಲ್ಲಿ ಏನಿದೆ ಎಂದು ಕೇಳಬೇಕು. ಈ ಪಾಠ ನಾನು ಕಲಿತದ್ದು ಕಂಪ್ಯೂಟರಿನ ಮುಂದಲ್ಲ, ಅವರ ಮುಂದೆ ತಲೆ ತಗ್ಗಿಸಿ ನಿಂತಾಗ.

“ಕೆಮ್ಮು ಛಲೋ ಕಲ್ತೀಯಪಾ,” ಎಂದರು ಸರ್. “ಆದ್ರ ಅಳಿಸ್ರಿ ಅನ್ನೂಕಿಂತ ಮೊದ್ಲ ‘ಇನ್ನೊಂದ ಕಡೆ ಇಟ್ಟೀರೇನು’ ಅಂತ ನಾ ಕೇಳ್ತೀನಲ್ಲ, ಅದನ್ಯಾಕ ಕಲೀಲಿಲ್ಲ?”