ತಂತಿಯಿಲ್ಲದ ಹಲಗೆ

ಮೊನ್ನೆ ಪಕ್ಕದ ಮನೆಯ ಹುಡುಗಿ ಬಾಗಿಲಿಗೆ ಬೀಗ ಹಾಕುವಾಗ, "ಆಂಟೀ, ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ತನ್ನ ಗಿಟಾರನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಬಂದು ಸೊಪ್ಪು ಬಿಡಿಸಲು ಕೂತಾಗ ಎಡಗೈ ಬೆರಳುಗಳಿಂದ ಆ ವಾಸನೆ ಬಂತು. ಬಾವಿಯ ರಾಟೆ ಮುಟ್ಟಿದ ಕೈಗೆ ಹತ್ತುತ್ತದಲ್ಲ, ಅಂಥ ಕಬ್ಬಿಣದ ಕಹಿ ವಾಸನೆ. ಜೊತೆಗೆ ಇರಬೇಕಾಗಿದ್ದ ಕೊಬ್ಬರಿ ಎಣ್ಣೆಯ ವಾಸನೆ ಮಾತ್ರ ಇರಲಿಲ್ಲ. ನನ್ನ ರೂತತ್ತೆ ನುಡಿಸಿ ಮುಗಿಸಿದಾಗೆಲ್ಲ ಹಳೆಯ ವಾಯಿಲ್ ಸೀರೆಯ ಚೂರಿಗೆ ಎರಡು ಹನಿ ಎಣ್ಣೆ ಬಿಟ್ಟು ತಂತಿಗಳನ್ನು ಒರೆಸುತ್ತಿದ್ದರು. ಹಾಸನದ ನಮ್ಮ ಮನೆಯ ನಡುಕೋಣೆಗೆ ಇದ್ದದ್ದು ಆ ವಾಸನೆಯೇ.

ರೂತತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದರು. ವಾರವಿಡೀ ಶಾಲೆಯಲ್ಲಿ ಪಾಠ, ವಾರದ ಕೊನೆಗೆ ನಮ್ಮ ಕ್ರೈಸ್ತ ಸಭೆಯ ಯೌವನಸ್ಥರಿಗೆ ಗಿಟಾರ್ ಪಾಠ. ತೊಂಬತ್ತರ ದಶಕದ ನಡುವಿನ ಮಾತು. ಒಂದು ಶನಿವಾರ ಹೊಳೆನರಸೀಪುರ, ಮರು ಶನಿವಾರ ಅರಕಲಗೂಡು, ಭಾನುವಾರ ಆರಾಧನೆ ಮುಗಿಸಿ ಶಾಂತಿಗ್ರಾಮದ ಮೇಲೆ ಹೋಗುವ ಬಸ್ಸಿನಲ್ಲಿ ಚನ್ನರಾಯಪಟ್ಟಣ. ಗಿಟಾರ್ ಇದ್ದದ್ದು ಒಂದೇ, ಕಲಿಯುವವರು ಮೂವತ್ತು ಮಂದಿ. ಅದಕ್ಕೆ ಅತ್ತೆ ಬಡಗಿಯಿಂದ ಗಿಟಾರಿನ ಕತ್ತಿನಷ್ಟು ಅಗಲದ ಹಲಗೆಗಳನ್ನು ಕೊಯ್ಯಿಸಿ, ಆರು ತಂತಿಗಳನ್ನೂ ಅಡ್ಡ ಮೆಟ್ಟುಗಳನ್ನೂ ಪೆನ್ಸಿಲಿನಲ್ಲಿ ಗೀಚಿ ತಲೆಗೊಂದು ಕೊಟ್ಟಿದ್ದರು. ಗಿಟಾರ್ ಒಬ್ಬರ ಕೈಯಲ್ಲಿದ್ದಾಗ ಉಳಿದವರು ಹಲಗೆಯ ಮೇಲೆ ಬೆರಳಿಟ್ಟು ಹಾಡುತ್ತಿದ್ದರು. ಒಮ್ಮೆ ನಾನೂ ಅರಕಲಗೂಡಿಗೆ ಹೋಗಿದ್ದೆ. ರಾಗ ತಪ್ಪಿದವನಿಗೆ ಪಕ್ಕದವನು, "ಲೇ, ಮೊದ್ಲು ನಿನ್ ಹಲ್ಗೆ ಸುರುತಿ ಮಾಡ್ಕಳ್ಲಾ!" ಎಂದ. "ನಂದು ಸರ್ಯಾಗೇ ಅದೆ ಕಣ್ಲಾ, ನಿಂದ್ಕೇ ಗೆದ್ಲು ಹಿಡ್ದಿರದು!" ಎಂದು ಇವನು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನನಗೂ ಒಂದು ಹಲಗೆ ಇತ್ತು. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಗಿಟಾರ್ ಮನೆಯಲ್ಲೇ ಇರುತ್ತಿತ್ತಲ್ಲ, ಕಾನ್ವೆಂಟಿನಿಂದ ಬಂದ ಮೇಲೆ ಅರ್ಧ ಗಂಟೆ ಅದನ್ನೇ ನುಡಿಸಬೇಕೆಂದು ಅತ್ತೆಯ ಅಪ್ಪಣೆ. ತಂತಿ ನನ್ನ ಬೆರಳ ತುದಿಗಳನ್ನು ಕೊಯ್ಯುತ್ತಿತ್ತು. ಹಲಗೆ ಕೊಯ್ಯುತ್ತಿರಲಿಲ್ಲ. ನಾನು ಗಿಟಾರನ್ನು ಮಂಚದ ಮೇಲೆ ಮಲಗಿಸಿ, ಹಲಗೆ ತೆಗೆದುಕೊಂಡು ಕಿಟಕಿಯ ಬಳಿ ಕೂರುತ್ತಿದ್ದೆ. ಜಿ, ಸಿ, ಡಿ ಎಂದು ಬೆರಳುಗಳು ಕುಣಿಯುತ್ತಿದ್ದವು. ಸಂಜೆ ಅತ್ತೆ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದರು, "ನುಡಿಸಿದ್ಯಾ ಮಗಾ?" ನಾನು, "ಹೂಂ ಅತ್ತೆ." ಅವರ ಮುಂದೆ ನುಡಿಸುವಾಗ ಒಂದು ಚರಣದಷ್ಟು ನೋವು ತಡೆದುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು.

ಸಭೆಯ ಹಿರಿಯರಲ್ಲಿ ಹಾರ್ಮೋನಿಯಂ ನುಡಿಸುವ ಸತ್ಯಮಿತ್ರಯ್ಯ ಎಂಬವರಿಗೆ ಗಿಟಾರ್ ಎಂದರೆ ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಯೌವನಸ್ಥರೇ ಆರಾಧನೆ ನಡೆಸುವ ಭಾನುವಾರ ಹತ್ತಿರ ಬಂದಾಗ ಮನೆಗೇ ಬಂದು ಕೂತರು. ಕಾಫಿ ಲೋಟ ಕೆಳಗಿಟ್ಟು, "ನೋಡಮ್ಮ ರೂತು, ನೀನು ನುಡಿಸಿದ್ರೆ ಅದು ನಿನ್ನ ವಿದ್ಯೆ. ಮಕ್ಳಿಗೇನ್ ಬಂತು ಅಂತ ಸಭೆಗೆ ಗೊತ್ತಾಗ್ಬೇಡ್ವಾ? ನಿಮ್ಮನೆ ಮಗೂನೇ ನುಡಿಸ್ಲಿ. ಸರಿಯಾಗ್ ಬಂತು, ಆರಾಧನೇಲಿ ಗಿಟಾರ್ ಇರ್ಲಿ. ಇಲ್ಲಾಂದ್ರೆ ಈ ಪಾಠ ಗೀಠ ಎಲ್ಲಾ ಕಡೇನೂ ನಿಲ್ಲಿಸ್ಬಿಡು" ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಲೋಟದ ಕೆಳಗಿನ ಒದ್ದೆ ಉಂಗುರವನ್ನೇ ನೋಡುತ್ತಿದ್ದೆ. "ಆಗ್ಲಿ ಅಣ್ಣಾ" ಎಂದರು ಅತ್ತೆ.

ಇದ್ದದ್ದು ಎರಡು ವಾರ. ನಿಜವಾಗಿಯೂ ನುಡಿಸಲು ಕೂತೆ. ಎರಡನೆಯ ದಿನಕ್ಕೆ ಬೆರಳುಗಳಲ್ಲಿ ಬೊಕ್ಕೆ ಎದ್ದವು, ಮತ್ತೆ ಹಲಗೆಗೆ ಮರಳಿದೆ. ಆ ಭಾನುವಾರದ ಹಿಂದಿನ ಶುಕ್ರವಾರ ಸಂಜೆ ಅತ್ತೆ ಎಂದಿನಂತೆ, "ನುಡಿಸಿದ್ಯಾ?" ಎಂದರು. "ಹೂಂ." ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು, "ಏನಾದ್ರೂ ಹೇಳೋದಿದ್ಯಾ ಮಗಾ?" ಎಂದು ಕೇಳಿದರು. ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ಅತ್ತೆ" ಎಂದೆ.

ಭಾನುವಾರ ಹಾಸನವೂ ಸೇರಿ ನಾಲ್ಕೂ ಊರಿನ ಮಕ್ಕಳು ಚರ್ಚಿನೊಳಗೆ ಮುಂದಿನ ಚಾಪೆಗಳ ಮೇಲೆ ತುಂಬಿದ್ದರು. ಹಾಡಿಗೆ ಐದು ಚರಣ. ಮೊದಲನೆಯದು ಚೆನ್ನಾಗಿ ಬಂತು. ಅತ್ತೆಯ ಸೆರಗು ಹಿಡಿದ ಮುಷ್ಟಿ ಸಡಿಲವಾದದ್ದು ಕಂಡೆ. ಎರಡನೆಯದರಲ್ಲಿ ಬೆರಳ ತುದಿ ಉರಿಯತೊಡಗಿತು. ಮೂರನೆಯದರಲ್ಲಿ ಒತ್ತಲು ಬಲ ಸಾಲದೆ ತಂತಿಗಳು ಗೊರಗೊರ ಎಂದವು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾಲ್ಕನೆಯ ಚರಣದ ನಡುವೆ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಮಕ್ಕಳ ಹಾಡು ಎರಡು ಸಾಲು ನಡೆದು, ಒಬ್ಬೊಬ್ಬರಾಗಿ ನಿಂತುಹೋಯಿತು. ಆ ಮೌನದಲ್ಲಿ ಹಾರ್ಮೋನಿಯಮ್ಮಿನ ತಿದಿ ಎಳೆದುಕೊಂಡ ಉಸಿರು ಕೇಳಿಸಿತು. ಉಳಿದ ಹಾಡನ್ನು ಅದೇ ಮುಗಿಸಿತು.

ಹೊರಗೆ ಬಂದ ಮೇಲೆ ಅತ್ತೆ ನನ್ನ ಎಡಗೈ ಮಗುಚಿ, ಬೆರಳ ತುದಿಗಳನ್ನು ಒಂದೊಂದಾಗಿ ತಮ್ಮ ಗಟ್ಟಿ ಹೆಬ್ಬೆರಳಿನಿಂದ ಸವರಿದರು. ಹಿರಿಯರು ಹತ್ತಿರ ಬಂದಾಗ, "ಮಗೂದೇನೂ ತಪ್ಪಿಲ್ಲ ಅಣ್ಣಾ. ಹಲಗೆ ಮೇಲೆ ಕಲಿಸಿದ್ದು ನಂದೇ ತಪ್ಪು. ನಿಲ್ಲಿಸ್ತೀನಿ" ಎಂದರು. ಬಸ್ಸಿಗೆ ಹೊರಟಿದ್ದ ಹೊಳೆನರಸೀಪುರದ ಹುಡುಗಿಯೊಬ್ಬಳು ಓಡಿಬಂದು, "ಮೇಡಂ, ಅಲ್ಗೆ ವಾಪಸ್ ಕೊಡ್ಬೇಕಾ?" ಎಂದು ಕೇಳಿದಳು. "ಬೇಡ ಕಣಮ್ಮ, ನೀವೇ ಇಟ್ಕಳಿ" ಎಂದರು ಅತ್ತೆ. ಆಮೇಲೆ ಶನಿವಾರಗಳಲ್ಲಿ ಅವರು ಮನೆಯಲ್ಲೇ ಇರುತ್ತಿದ್ದರು. ಗಿಟಾರ್ ಬೀರುವಿನ ಮೇಲೇರಿತು. ಸಂಜೆ ಚಪ್ಪಲಿ ಬಿಡುವಾಗ ಏನನ್ನೂ ಕೇಳದೆ ಒಳಗೆ ಹೋಗುತ್ತಿದ್ದರು.

ಆ ಮನೆ ಈಗಿಲ್ಲ, ಅತ್ತೆಯೂ ಇಲ್ಲ. ಮನೆ ಕೆಡವುವ ಮುಂಚೆ ಅಟ್ಟದಿಂದ ಇಳಿಸಿದ ಸಾಮಾನಿನಲ್ಲಿ ನನ್ನ ಹಲಗೆ ಸಿಕ್ಕಿತ್ತು. ಗಿಟಾರಿನ ವಾಸನೆ ಬಂದ ದಿನ ಸೊಪ್ಪನ್ನು ಬದಿಗಿಟ್ಟು ಅದನ್ನು ಹೊರತೆಗೆದೆ. ಕಿಟಕಿಯ ಬೆಳಕಿನಲ್ಲಿ ನೋಡಿದಾಗ, ಬೆರಳು ಕೂರುವ ಜಾಗಗಳಲ್ಲಿ ಪೆನ್ಸಿಲ್ ಗೆರೆ ಪೂರಾ ಅಳಿಸಿಹೋಗಿತ್ತು. ಅದರ ಮೇಲೆ ಯಾರೋ ಅಡಿಪಟ್ಟಿಯಿಟ್ಟು ನೀಲಿ ಶಾಯಿಯಲ್ಲಿ ಎಳೆದಿದ್ದರು. ನೀಲಿಯೂ ಸವೆದ ಕಡೆ ಕೆಂಪು, ಅತ್ತೆ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು. ಅಳಿಸಿದಷ್ಟು ಸಲವೂ ಅವರು ಮತ್ತೆ ಬರೆದಿದ್ದರು; ಆಗ ನಾನದನ್ನು ಗಮನಿಸಿರಲೇ ಇಲ್ಲ. ಮನೆಯಲ್ಲಿ ಆ ಹಲಗೆ ಹಿಡಿಯುತ್ತಿದ್ದವಳು ನಾನೊಬ್ಬಳೇ.

ಕೆಂಪು ಗೆರೆಯ ಮೇಲೆ ಬೆರಳಿಟ್ಟು ಒತ್ತಿದೆ. ಏನೂ ನೋವಾಗಲಿಲ್ಲ.