ತಂಗಿಯ ತೂಕದ ಬೆಲ್ಲ

ಎಪ್ಪತ್ತರ ದಶಕದ ಮಾತು. ತಂಗಿಯ ತೊಡೆ, ಬೆನ್ನುಗಳ ಮೇಲೆ ನೀಲಿ ಕಲೆಗಳು ಕಂಡಾಗ ಅವ್ವ ಮೊದಲು ಹಿಡಿದದ್ದು ನನ್ನನ್ನು. ನಾನೇ ಚಿವುಟಿದ್ದೇನೆಂದು ಬೆನ್ನಿಗೆ ಎರಡು ಬಿದ್ದವು. ತಿಕೋಟಾದ ನಮ್ಮ ಮನೆಯಲ್ಲಿ ಏನೇ ಒಡೆದರೂ, ಏನೇ ಕೆಟ್ಟರೂ ಅದು ಹಿರಿಯಳಾದ ನನ್ನ ಪಾಲಿಗೇ ಬರುತ್ತಿತ್ತು, ಹಾಗಾಗಿ ನಾನೂ ಹೆಚ್ಚು ವಾದಿಸಲಿಲ್ಲ. ಆಮೇಲೆ ಅವಳಿಗೆ ಜ್ವರ ಬಂತು, ವಸಡಿನಲ್ಲಿ ರಕ್ತ ಕಂಡಿತು, ಮುಖ ಸುಣ್ಣದ ಹಾಗೆ ಬಿಳುಚಿತು. ಅವಳಿಗಾಗ ಐದು ವರ್ಷ.

ವಿಜಾಪುರದ ಆಸ್ಪತ್ರೆಯಲ್ಲಿ ಸೊಂಟದ ಎಲುಬಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ರಕ್ತದ ಕ್ಯಾನ್ಸರ್ ಎಂದರು. ಅದು ಮಕ್ಕಳಿಗೂ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಡಾಕ್ಟರು ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು: ರಕ್ತ ಹುಟ್ಟುವುದು ಎಲುಬಿನೊಳಗೆ, ಅಲ್ಲಿ ಬಲಿಯದ ಬಿಳಿ ಕಣಗಳು ಹೊಲದ ಕಸದಂತೆ ಎದ್ದು ಒಳ್ಳೆಯ ರಕ್ತಕ್ಕೆ ಜಾಗ ಬಿಡುತ್ತಿಲ್ಲ. ಯಾಕೆ ಬಂತೆಂದು ಅವ್ವ ಕೇಳಿದಳು. ತಾನು ಬಸುರಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದನ್ನೂ ಹೇಳಿಕೊಂಡಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಯಾರ ತಪ್ಪೂ ಅಲ್ಲ, ಕಾರಣ ತಮಗೂ ತಿಳಿಯದು ಎಂದರು ಡಾಕ್ಟರು. ಅವ್ವ ಆ ಮಾತು ನಂಬಲಿಲ್ಲ.

ರಕ್ತ ಹಾಕಿದರು, ಗುಳಿಗೆ ಕೊಟ್ಟರು. ಕೆಲವು ವಾರಗಳಲ್ಲಿ ತಂಗಿ ಎದ್ದು ಓಡಾಡತೊಡಗಿದಳು. ಹಸಿವೆಂದರೆ ಹಸಿವು, ನನ್ನ ತಾಟಿನ ರೊಟ್ಟಿಗೂ ಕೈ ಹಾಕುತ್ತಿದ್ದಳು. ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಅದು ಗುಳಿಗೆಯ ಊತ, ರಕ್ತ ಸರಿಯಾದಂತೆ ಕಂಡರೂ ರೋಗ ಒಳಗೆ ಅಡಗಿರುತ್ತದೆ, ಔಷಧ ವರ್ಷಗಟ್ಟಲೆ ಬೇಕು ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಆದರೆ ಓಣಿಯವರೆಲ್ಲ ಕೂಸು ಮೈತುಂಬಿಕೊಂಡಿತು ಎನ್ನುವಾಗ ಅದು ಊತ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಬಬಲೇಶ್ವರದಲ್ಲಿದ್ದ ಆಯಿ, ಅಂದರೆ ಅವ್ವನ ತಾಯಿ, ಕೂಸು ಗುಣವಾದರೆ ಅದರ ತೂಕದ ಬೆಲ್ಲ ಹಂಚುವುದಾಗಿ ಅಲ್ಲಿಯ ಗುಡಿಯಲ್ಲಿ ಹರಕೆ ಹೊತ್ತಿದ್ದಳು. ಎಲ್ಲರೂ ಹೋದೆವು. ತಕ್ಕಡಿಯ ಒಂದು ಕಡೆ ತಂಗಿಯನ್ನು ಕೂಡಿಸಿ, ಇನ್ನೊಂದು ಕಡೆ ಬೆಲ್ಲದ ಪೆಂಟೆಗಳನ್ನು ಇಟ್ಟರು. ತಂದ ಬೆಲ್ಲ ಸಾಲಲಿಲ್ಲ. ಅಂಗಡಿಯಿಂದ ಮತ್ತೊಂದು ಪೆಂಟೆ ತರಿಸಿದರು. ಬೆಲ್ಲ ಸಾಲದ್ದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಯಿಯ ಮನೆಗೆ ಬಂದು ಅಪ್ಪ ಗುಳಿಗೆಯ ಡಬ್ಬಿ ತೆಗೆದಾಗ ಆಯಿ ಅವ್ವನ ಕಡೆ ತಿರುಗಿ ಹೇಳಿದಳು.

“ಹರಕಿ ಮುಟ್ಟಿಸೇವಿ. ಇನ್ನ ಗುಳಿಗಿ ಕೊಟ್ರ ದೇವರನ್ನ ನಂಬಲಿಲ್ಲ ಅಂದಂಗ ಆಗ್ತದ.”

ಅಪ್ಪ ಡಬ್ಬಿ ಮುಚ್ಚಿದ. ಅತ್ತೆಗೆ ಎದುರಾಡುವ ರೂಢಿ ಅವನಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಅವನಿಗೂ ಆ ಮಾತೇ ಬೇಕಾಗಿತ್ತು.

ಮಳೆಗಾಲದ ಹೊತ್ತಿಗೆ ಕಲೆಗಳು ಮತ್ತೆ ಬಂದವು. ಈ ಸಲ ನನ್ನನ್ನು ಯಾರೂ ಹೊಡೆಯಲಿಲ್ಲ. ರೋಗ ತಿರುಗಿ ಬಂದಿದೆ, ಮೊದಲಿನ ಗುಳಿಗೆಗೆ ಇನ್ನು ಬಗ್ಗುವುದು ಕಷ್ಟ ಎಂದರು ಡಾಕ್ಟರು. ಗುಳಿಗೆ ನಿಲ್ಲಿಸಿದ್ದಕ್ಕೆ ಬೈಯಲಿಲ್ಲ. ಬೈದಿದ್ದರೆ ಅವ್ವನಿಗೆ ಹಗುರಾಗುತ್ತಿತ್ತು.

“ಗುಳಿಗಿ ಬಿಡಸದಿದ್ರ ಉಳೀತಿದ್ಲೇನ್ರಿ?” ಎಂದು ಅವ್ವ ಕೇಳಿದಳು.

ಹೇಳುವುದು ಕಷ್ಟ, ಈ ರೋಗ ಗೆದ್ದು ಉಳಿಯುವ ಮಕ್ಕಳು ಈಗ ಕಡಿಮೆಯೇ, ಆದರೆ ಇನ್ನೊಂದಿಷ್ಟು ದಿನ ಇರುತ್ತಿದ್ದಳೇನೋ ಎಂದರು ಅವರು.

ವಾಪಸು ಬರುವ ಬಸ್ಸಿನಲ್ಲಿ ತಂಗಿ ಅವ್ವನ ತೊಡೆಯ ಮೇಲೆ ಮಲಗಿದ್ದಳು. ನನಗೆ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮೈ ಜೋಮು ಹಿಡಿದಿತ್ತು. ತಿಕೋಟಾ ಹತ್ತಿರ ಬಂದಾಗ ಅವ್ವ ಅಪ್ಪನನ್ನು ಕೇಳಿದಳು.

“ಇನ್ನೊಂದಿಷ್ಟ ದಿನ ಅಂದ್ರ ಎಷ್ಟ್ರಿ?”

ಅಪ್ಪ ಎದ್ದು ಚೀಲ ಇಳಿಸಿಕೊಂಡ.

ಆ ದೀಪಾವಳಿಗೆ ತಂಗಿ ಇರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಅವ್ವ ಕೈ ನಿಲ್ಲಿಸಿ ಬಸ್ಸಿನಲ್ಲಿ ಕೇಳಿದ್ದನ್ನೇ ಕೇಳುತ್ತಿದ್ದಳು. ಅಪ್ಪ ಎದುರಿಗೆ ಇರಲಿ, ಬಿಡಲಿ. ನಾನು ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದೆ. ಉತ್ತರವನ್ನೂ ಅವ್ವ ತಾನೇ ಹೇಳಿಕೊಳ್ಳುತ್ತಿದ್ದಳು.

“ಒಂದ ದಿನ ಇದ್ರೂ ಸಾಕಿತ್ತು.”