ತಣ್ಣನೆಯ ಬಾನೆಟ್ಟಿಗೆ ಕಿವಿಯಿಡುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಅಡ್ಡರಸ್ತೆಯ ಕೊನೆಯ ಮನೆಯ ಮುಂದೆ ನೀಲಿ ಕಾರೊಂದು ನಿಂತಿದೆ. ಮಾರುವವರು ಗೇಟಿನ ಬಳಿ ಕೈಕಟ್ಟಿ ನಿಂತಿದ್ದಾರೆ, ಕೊಳ್ಳುವವರು ರಸ್ತೆಯಂಚಿನಲ್ಲಿ ಆಕಳಿಸುತ್ತಿದ್ದಾರೆ. ಇಬ್ಬರ ನಡುವೆ ಹಳೇ ಸ್ವೆಟರ್ ತೊಟ್ಟ, ಐವತ್ತೆರಡರ ಹೆಂಗಸೊಬ್ಬರು ಬಾನೆಟ್ಟಿನ ಮೇಲೆ ಕೈಯ ಹಿಂಭಾಗವನ್ನು ಇಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಮರುಕ್ಷಣವೇ ಚೀಲವನ್ನು ಹೆಗಲಿಗೇರಿಸುತ್ತಾರೆ.

"ಬಿಸಿ ಇದೆ. ನಾಳೆ ಬರ್ತೀನಿ."

"ಇಲ್ಲ ಮೇಡಂ, ಪಕ್ಕಕ್ಕೆ ನಿಲ್ಲಿಸೋಣ ಅಂತ ಒಂದೇ ಒಂದ್ಸಲ ಸ್ಟಾರ್ಟ್ ಮಾಡಿದ್ದು..." ಮಾರುವವರು ರಾಗ ಎಳೆಯುತ್ತಾರೆ.

"ಪಕ್ಕಕ್ಕೆ ನಿಲ್ಲಿಸೋಕೆ ಕಾಲು ಗಂಟೆ ಬೇಕಾ ಸಾರ್? ಮಲಗಿರೋ ಕಾರು ಬೇಕು ನನಗೆ. ಎದ್ದು ಮುಖ ತೊಳ್ಕೊಂಡು ತಲೆ ಬಾಚ್ಕೊಂಡ ಮೇಲೆ ಎಲ್ಲರೂ ಚೆನ್ನಾಗೇ ಕಾಣ್ತಾರೆ."

ಇವರು ಕಿವಿಯಕ್ಕ. ಬಡಾವಣೆಯಲ್ಲಿ ಬೇರೆ ಹೆಸರು ಹೇಳಿ ವಿಳಾಸ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ಮುನ್ನ ಜನ ಇವರನ್ನು ಕರೆದೊಯ್ಯುತ್ತಾರೆ. ಇವರು ಮೊದಲು ಮುಚ್ಚಿದ ಬಾನೆಟ್ಟಿನ ಮೇಲೆ, ಆಮೇಲೆ ತೆರೆದು ಎಂಜಿನ್ನಿನ ಮೇಲೆ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಊರಿ, ಹಿಡಿಗೆ ಕಿವಿ ಹಚ್ಚುತ್ತಾರೆ. ತಣ್ಣಗಿದ್ದ ಎಂಜಿನ್ ಮೊದಲ ಅರ್ಧ ನಿಮಿಷ ಸುಳ್ಳು ಹೇಳುವುದಿಲ್ಲ ಎನ್ನುವುದು ಇವರ ನಂಬಿಕೆ. ಎಣ್ಣೆ ಬಿಸಿಯಾಗಿ ಹರಿದಾಡತೊಡಗಿದ ಮೇಲೆ ಒಳಗಿನ ಕಟಕಟ ಅಡಗಿಬಿಡುತ್ತದೆ. ಕೇಳಿ ಮುಗಿದ ಮೇಲೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು. ಸರಿ ಇದ್ದರೆ ರೈಟು, ಇಲ್ಲದಿದ್ದರೆ ಕಾಟು. ವರದಿ, ಸಹಿ, ಮೊಹರು ಏನೂ ಇಲ್ಲ.

ದಿನಕ್ಕೆ ಮೂರೇ ಕಾರು. ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಯಬೇಕು, ಆಮೇಲೆ ಬೀದಿಯ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಹತ್ತರಲ್ಲಿ ನಾಲ್ಕಕ್ಕೆ ರೈಟು ಬಿದ್ದರೆ ಹೆಚ್ಚು. ಹದಿನೆಂಟು ವರ್ಷದಿಂದ ಇದೇ ಲೆಕ್ಕ.

ಈ ಲೇಖನಕ್ಕಾಗಿ ಮೊದಲ ದಿನ ಅವರ ಮನೆಗೆ ಹೋದಾಗ ನನಗಾದದ್ದನ್ನು ಹೇಳಿಬಿಡುತ್ತೇನೆ. ಕಾರು ನಿಲ್ಲಿಸಿ ಗೇಟು ತೆರೆಯುವಷ್ಟರಲ್ಲಿ ಒಳಗಿನಿಂದಲೇ ದನಿ ಬಂತು: "ಹಿಂದಿನ ಎಡಗಡೆ ಬ್ರೇಕ್ ಸವೆದಿದೆ ನೋಡಿಸಿ. ಎಷ್ಟು ದಿನದಿಂದ ಅಳ್ತಾ ಇದೆ ಪಾಪ." ಆರು ತಿಂಗಳಿಂದ ಆ ಸದ್ದನ್ನು ನಾನು ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಕೊಡೆಯದು ಎಂದುಕೊಂಡಿದ್ದೆ. ಕೊಡೆಯ ಜಾಗವನ್ನು ಎರಡು ಸಲ ಬದಲಿಸಿಯೂ ಇದ್ದೆ.

ಕಿವಿ ಪಳಗಿದ್ದು ಗ್ಯಾರೇಜಿನಲ್ಲಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಹದಿನೈದು ವರ್ಷ ಅವರು ಸೀಲಿಂಗ್ ಫ್ಯಾನಿನ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿದ್ದರು. ಸಾಲಾಗಿ ತೂಗುಹಾಕಿದ ಮೋಟರುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಕರೆಂಟು ಕೊಟ್ಟು, ಸ್ಕ್ರೂಡ್ರೈವರ್ ಹಚ್ಚಿ ಕೇಳಬೇಕು. ದಿನಕ್ಕೆ ಮುನ್ನೂರು ಫ್ಯಾನು. "ಗುಂಯ್ ಅಂದ್ರೆ ರೈಟು, ಕರಕರ ಅಂದ್ರೆ ಕಾಟು. ಅಷ್ಟೇ ವಿದ್ಯೆ ನಂದು" ಎಂದು ನಗುತ್ತಾರೆ. ಕಾರ್ಖಾನೆ ಬಾಗಿಲು ಹಾಕಿದ ದಿನ ಮನೆಗೆ ತಂದದ್ದು ಆ ಸ್ಕ್ರೂಡ್ರೈವರ್ ಮತ್ತು ಒಂದು ಡಬ್ಬಿ ಸೀಮೆಸುಣ್ಣ.

ಆಗ ಮನೆ ನಡೆಯುತ್ತಿದ್ದದ್ದು ಗಂಡನ ಟ್ಯಾಕ್ಸಿಯಿಂದ. ಅದು ಕೆಟ್ಟು ನಿಂತಾಗಲೆಲ್ಲ ಒಲೆಯೂ ಮಂಕಾಗುತ್ತಿತ್ತು. ಒಂದು ಬೆಳಿಗ್ಗೆ ಅವರು ಸುಮ್ಮನೆ ಎಂಜಿನ್ನಿಗೆ ಕಿವಿಯಿಟ್ಟು "ನೀರಿನ ಪಂಪು ಹೋಗ್ತಾ ಇದೆ" ಎಂದರು. ಗಂಡ ನಕ್ಕು ಬಾಡಿಗೆಗೆ ಹೊರಟವರು ಮಧ್ಯಾಹ್ನ ಟ್ಯಾಕ್ಸಿಯನ್ನು ಎಳೆಸಿಕೊಂಡು ಬಂದರು. ಪಂಪೇ ಹೋಗಿತ್ತು. ಮರುವಾರ ಟ್ಯಾಕ್ಸಿ ಸ್ಟ್ಯಾಂಡಿನ ಎಲ್ಲ ಕಾರುಗಳೂ ಇವರ ಮನೆ ಮುಂದೆ ಸಾಲುಗಟ್ಟಿದ್ದವು.

ಮಾರುವವರ ಬೆದರಿಕೆ, ದಲ್ಲಾಳಿಗಳ ಮುಖಸ್ತುತಿ ಎರಡನ್ನೂ ಅರಗಿಸಿಕೊಂಡಿದ್ದಾರೆ. "ಹೆಂಗಸಿಗೇನು ಗೊತ್ತಾಗುತ್ತೆ ಕಾರು ಅಂದವರೇ ಆಮೇಲೆ ಮಗಳಿಗೆ ಕಾರು ತಗೊಳ್ಳೋವಾಗ ನನ್ನನ್ನ ಹುಡುಕ್ಕೊಂಡು ಬಂದಿದ್ದಾರೆ. ನಾನೇನೂ ಅನ್ನಲ್ಲ. ಬಾನೆಟ್ ತಣ್ಣಗಿರಲಿ ಅಂತೀನಿ" ಎನ್ನುತ್ತಾರೆ.

ಇಂಥ ಕಿವಿಯಕ್ಕ ಇಂದು ಬೆಳಿಗ್ಗೆಯಿಂದ ಚಡಪಡಿಸುತ್ತಿದ್ದಾರೆ. ಎರಡನೇ ಕಾರು ಎಲೆಕ್ಟ್ರಿಕ್ಕು. ಅದನ್ನು ಕೊಳ್ಳಲು ಹೊರಟಿರುವುದು ಪಕ್ಕದ ಮನೆಯಲ್ಲೇ ಇರುವ ಸ್ವಂತ ನಾದಿನಿ. ನಾದಿನಿ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಇಂಜೆಕ್ಷನ್ ಕೊಡುವ ನರ್ಸು. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ. ಅವರ ಹದಿನೇಳು ವರ್ಷದ ಕಾರು ಹೋದ ತಿಂಗಳು ನಡುದಾರಿಯಲ್ಲಿ ಕೈಕೊಟ್ಟು, ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಇಂಜೆಕ್ಷನ್ನಿಗಾಗಿ ಮೂರು ಗಂಟೆ ಕಾಯಬೇಕಾಯಿತು. "ಇನ್ನೊಂದ್ಸಲ ಹಾಗಾದ್ರೆ ನಾನು ಆ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅತ್ತಿಗೆ?" ಎಂದು ನಾದಿನಿ ಕೇಳಿದ್ದರು. ಆದರೆ ಕಿವಿಯಕ್ಕನ ಗೇಟಿನ ಮೇಲೆ ಹತ್ತು ತಿಂಗಳಿಂದ ಒಂದು ಬೋರ್ಡು ತೂಗುತ್ತಿದೆ: 'ಎಲೆಕ್ಟ್ರಿಕ್ ಕಾರು ನೋಡುವುದಿಲ್ಲ.'

ಬೋರ್ಡಿನ ಹಿಂದೊಂದು ಕಥೆಯಿದೆ. ಹತ್ತು ತಿಂಗಳ ಹಿಂದೆ ಫೋಟೋ ಸ್ಟುಡಿಯೊದ ಯಜಮಾನರ ಬಿಳಿ ಕಾರನ್ನು ನೋಡಲು ಹೋಗಿದ್ದರು. ಅದು ಎಲೆಕ್ಟ್ರಿಕ್ ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಬಾನೆಟ್ ತಣ್ಣಗಿತ್ತು. ಸಂತೋಷದಿಂದ ಸ್ಕ್ರೂಡ್ರೈವರ್ ಊರಿ "ಸ್ಟಾರ್ಟ್ ಮಾಡಿ" ಎಂದರು.

"ಆಗಿದೆ" ಎಂದರು ಯಜಮಾನರು.

"ಮಾಡಿ ಸಾರ್, ಹೊತ್ತಾಗುತ್ತೆ."

"ಆಗಿದೆ ಅಕ್ಕ."

ತಮಾಷೆ ಮಾಡುತ್ತಿದ್ದಾರೆ ಎಂದು ಅಕ್ಕನಿಗೆ ಸಿಟ್ಟು ಬಂತು. "ಸೆಲ್ಫ್ ಸ್ಟಾರ್ಟೇ ಹೋಗಿದೆ. ಈ ಕಾರು ಬೇಡ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಟೈರಿನ ಮೇಲೆ ಕಾಟು ಎಳೆದರು. ಕೊಳ್ಳಲು ಬಂದವರಿಗೆ ಎಲೆಕ್ಟ್ರಿಕ್ ಎಂಬ ಅಳುಕು ಮೊದಲೇ ಇತ್ತು, ಸ್ಕೂಟರ್ ಹತ್ತಿ ಹೊರಟೇಹೋದರು. ಅಕ್ಕ ಖಾತ್ರಿಗೆಂದು ಇನ್ನೊಮ್ಮೆ ಸ್ಕ್ರೂಡ್ರೈವರ್ ಊರಿ ಕಿವಿ ಹಚ್ಚಿದ್ದೇ ತಡ, ಬಿಳಿ ಕಾರು ಒಂದಿಷ್ಟೂ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಸ್ಕ್ರೂಡ್ರೈವರ್ ಗಾಳಿಯಲ್ಲಿ, ಅಕ್ಕನ ಕಿವಿ ಸ್ಕ್ರೂಡ್ರೈವರಿನಲ್ಲಿ. ಹಾಲಿನವರಿಂದ ಹಿಡಿದು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರವರೆಗೆ ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು.

"ಅಲ್ಲೇ ಬಗ್ಗಿ ಆ ಕಾಟು ಅಳಿಸಬಹುದಿತ್ತು. ನಾಚಿಕೆ ಆಗಿ ಮನೆಗೆ ಬಂದ್ಬಿಟ್ಟೆ. ಆಮೇಲೆ ಆ ಕಾರನ್ನ ಯಾರೂ ತಗೊಳ್ಳಲಿಲ್ಲ. ಹದಿನೆಂಟು ವರ್ಷದಲ್ಲಿ ನಾನು ಎಳೆದ ಸುಳ್ಳು ಕಾಟು ಅದೊಂದೇ." ಇದನ್ನು ಹೇಳುವಾಗ ಅವರ ನಗು ಅರ್ಧಕ್ಕೇ ನಿಲ್ಲುತ್ತದೆ. ನಗೆಪಾಟಲಾದದ್ದಕ್ಕಿಂತ ಅವರನ್ನು ಕೊರೆಯುತ್ತಿರುವುದು ಇದು. ಜೊತೆಗೊಂದು ಹೆದರಿಕೆ: ಬೀದಿಗೆ ಬರುವ ಕಾರುಗಳೆಲ್ಲ ಹೀಗೆ ಮೂಕವಾಗುತ್ತ ಹೋದರೆ ತನ್ನ ಕಿವಿಗೇನು ಕೆಲಸ?

ಟ್ಯಾಕ್ಸಿ ಬಿಟ್ಟು ಮನೆಯಲ್ಲಿರುವ ಗಂಡನಿಗೆ ಇಂಥ ಯಾವ ಚಿಂತೆಯೂ ಇಲ್ಲ. ಅವರಿಗೆ ಈಗ ಕಿವಿ ಮಂದ. "ನನಗಂತೂ ಎಲ್ಲಾ ಕಾರೂ ಎಲೆಕ್ಟ್ರಿಕ್ಕೇ" ಎಂದು ಪತ್ರಿಕೆಯಿಂದ ತಲೆಯೆತ್ತದೆ ಹೇಳುತ್ತಾರೆ. ಬೀದಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಳೆಯಲ್ಲಿ ಶಾಕ್ ಹೊಡೆಯುತ್ತದೆ ಎನ್ನುವವರಿದ್ದಾರೆ, ಚಾರ್ಜು ನಡುದಾರಿಯಲ್ಲಿ ಮುಗಿದರೆ ಯಾರು ತಳ್ಳುತ್ತಾರೆ ಎನ್ನುವವರಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಅಂಥ ಕಾರಿನ ಬಾಗಿಲನ್ನೂ ತೆರೆದು ನೋಡಿದವರಲ್ಲ.

ಅತ್ತಿಗೆಯನ್ನು ಹೊರಡಿಸಿದ್ದು ನಾದಿನಿಯ ಒಂದು ಮಾತು. ನಿನ್ನೆ ಸಂಜೆ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ತೋರಿಸಿ ಆಕೆ ಹೇಳಿದ್ದಿಷ್ಟೇ: "ಆ ಕಾರಿನೊಳಗೂ ಇಂಥ ಮೋಟರೇ ಅಲ್ವಾ ಅತ್ತಿಗೆ ಇರೋದು? ಹದಿನೈದು ವರ್ಷ ನೀವು ಕೇಳಿದ್ದು ಇನ್ನೇನನ್ನ?" ಆಕೆ ಕೊಳ್ಳಬೇಕೆಂದಿರುವುದು ಅದೇ ಬಿಳಿ ಕಾರನ್ನು. ಸ್ಟುಡಿಯೊ ಯಜಮಾನರಿಗೆ ಫೋಟೋ ತೆಗೆಯುವ ದೀಪಗಳು, ದೊಡ್ಡ ಕೊಡೆಗಳು ಹಿಡಿಸುವ ವ್ಯಾನು ಬೇಕಂತೆ.

ಏಳು ಗಂಟೆಗೆ ನಾವು ಸ್ಟುಡಿಯೊದ ಹಿಂದಿನ ಅಂಗಳದಲ್ಲಿದ್ದೇವೆ. ಯಜಮಾನರು ಗಂಭೀರವಾಗಿ ಬಾಗಿಲು ತೆರೆದು "ಸ್ಟಾರ್ಟ್ ಆಗಿದೆ ಅಕ್ಕ, ಮೊದಲೇ ಹೇಳ್ಬಿಡ್ತೀನಿ" ಎನ್ನುತ್ತಾರೆ. ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಿವಿಯಕ್ಕ ಮಾತ್ರ ನೇರವಾಗಿ ಯಜಮಾನರ ಮುಂದೆ ಹೋಗಿ ನಿಲ್ಲುತ್ತಾರೆ. "ಅವತ್ತು ತಪ್ಪು ನಂದು ಸಾರ್. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕಿತ್ತು."

"ಬಿಡಿ ಅಕ್ಕ. ನೀವು ಬೇಡ ಅಂದಿದ್ದಕ್ಕೆ ಹತ್ತು ತಿಂಗಳು ನಾನೇ ಓಡಿಸಿದೆ. ಒಂದು ದಿನ ಕೈಕೊಟ್ಟಿಲ್ಲ. ಈಗ ಬಿಡೋಕೇ ಮನಸ್ಸಿಲ್ಲ."

ಅಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಕಿಟಕಿ ಮುಚ್ಚಿಸುತ್ತಾರೆ, ರೇಡಿಯೊ ಆರಿಸುತ್ತಾರೆ, ಏಸಿ ಆರಿಸುತ್ತಾರೆ, ಏನೋ ಹೇಳಲು ಹೊರಟ ನನ್ನನ್ನೂ ಆರಿಸುತ್ತಾರೆ. ಕಾರು ಖಾಲಿ ರಸ್ತೆಗಿಳಿಯುತ್ತದೆ. ಅವರು ಕಣ್ಣು ಮುಚ್ಚಿದ್ದಾರೆ. ಮೊದಲು ಮುಖದಲ್ಲಿ ಆತಂಕ. ಸ್ವಲ್ಪ ದೂರ ಹೋದ ಮೇಲೆ ಹುಬ್ಬು ಮೇಲೇರುತ್ತದೆ, ಆಮೇಲೆ ತುಟಿಯಂಚಿನಲ್ಲಿ ನಗು.

"ಗುಂಯ್ ಅಂತಿದೆ" ಎಂದು ಪಿಸುಗುಟ್ಟುತ್ತಾರೆ. "ನಮ್ಮ ಫ್ಯಾನಿನ ಹಾಗೇ. ಮೋಟರ್ ಚೆನ್ನಾಗಿದೆ." ಮರುನಿಮಿಷವೇ ಕೈಯೆತ್ತುತ್ತಾರೆ. "ಸಾರ್, ಬಲಕ್ಕೆ ತಿರುಗಿಸಿ. ಈಗ ಎಡಕ್ಕೆ. ಇನ್ನೊಂದ್ಸಲ ಬಲಕ್ಕೆ."

ನನಗೆ ಏನೂ ಕೇಳುವುದಿಲ್ಲ. ಅಂಗಳಕ್ಕೆ ಮರಳಿದ ಮೇಲೆ ಜಾಕ್ ಹಾಕಿಸಿ ಮುಂದಿನ ಎಡ ಚಕ್ರವನ್ನು ಎತ್ತಿಸುತ್ತಾರೆ. ನೆಲದ ಮೇಲೆ ಕೂತು, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತ, ಚಕ್ರದ ಹಿಂದೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿ, ಹಿಡಿಯನ್ನು ನನ್ನ ಕಿವಿಗೆ ಕೊಡುತ್ತಾರೆ. ಮಣ್ಣಿರುವ ಅಕ್ಕಿಯನ್ನು ಅಗಿದಂತೆ ಸಣ್ಣದೊಂದು ಕರಕರ. ಯಜಮಾನರು ಕೇಳಿ ಬೆಪ್ಪಾಗುತ್ತಾರೆ. ಅವರು ಸದಾ ರೇಡಿಯೊ ಹಾಕಿಕೊಂಡು ಓಡಿಸುವವರು.

"ಬೇರಿಂಗ್ ಹೋಗ್ತಾ ಇದೆ. ದೊಡ್ಡ ಕೆಲಸ ಏನಲ್ಲ, ಬದಲಾಯಿಸ್ಬಿಡಿ. ಪೆಟ್ರೋಲ್ ಕಾರಾಗಿದ್ರೆ ನನಗೂ ಇಷ್ಟು ಬೇಗ ಸಿಕ್ತಿರಲಿಲ್ಲ. ಎಂಜಿನ್ ಇದ್ದ ಕಡೆ ಅದೊಂದೇ ಮಾತಾಡುತ್ತೆ, ಉಳಿದವರು ಬಾಯಿ ತೆರೆಯೋ ಹಾಗಿಲ್ಲ."

ನಾದಿನಿ ಸೀಮೆಸುಣ್ಣಕ್ಕಾಗಿ ಚೀಲಕ್ಕೆ ಕೈ ಹಾಕುತ್ತಾರೆ. ಅತ್ತಿಗೆ ತಡೆಯುತ್ತಾರೆ. "ಇರು. ಬ್ಯಾಟರಿ ಹೇಗಿದೆ ಅಂತ ನನ್ನ ಕಿವಿಗೆ ಕೇಳಲ್ಲ. ಸರ್ವಿಸ್ ಸೆಂಟರಲ್ಲಿ ಅದಕ್ಕೆ ಮೆಷಿನ್ ಇದೆಯಂತೆ, ತೋರಿಸ್ಕೊಂಡು ಬಾ. ಗೊತ್ತಿಲ್ಲದ್ದಕ್ಕೆ ಇನ್ನೊಂದು ಗುರುತು ಹಾಕಲ್ಲ ನಾನು." ಇಷ್ಟು ಹೇಳುವಾಗ ಅವರ ದನಿಯಲ್ಲಿ ಅಳುಕಿಲ್ಲ. ನನಗೆ ಆ ಬೆಳಗಿನಲ್ಲಿ ತುಂಬ ಇಷ್ಟವಾದ ಮಾತು ಅದು.

ಎರಡು ವಾರ ಬಿಟ್ಟು ಮತ್ತೆ ಆ ಮನೆಗೆ ಹೋಗಿದ್ದೇನೆ, ಬ್ರೇಕ್ ಸರಿಮಾಡಿಸಿಕೊಂಡೇ. ಬೋರ್ಡು ಗೇಟಿನಲ್ಲೇ ಇದೆ. 'ನೋಡುವುದಿಲ್ಲ' ಎಂಬುದರ ಮೇಲೆ ಬಣ್ಣ ಬಳಿದು 'ಕೇಳುತ್ತೇವೆ' ಎಂದು ಬರೆದಿದೆ, ಕೆಳಗೆ ಸಣ್ಣಕ್ಷರದಲ್ಲಿ 'ಬ್ಯಾಟರಿಗೆ ಮೆಷಿನ್ನಿನ ಚೀಟಿ ತನ್ನಿ.' ಪಕ್ಕದಲ್ಲಿ ಬಿಳಿ ಕಾರು ನಿಂತಿದೆ. ಹೊಸ ಬೇರಿಂಗ್, ಬ್ಯಾಟರಿಯೂ ಗಟ್ಟಿ ಎಂದು ಚೀಟಿ ಬಂದಿದೆ. ಟೈರಿನ ಮೇಲಿನ ರೈಟು ಗುರುತು ಓಡಾಟದಲ್ಲಿ ಆಗಲೇ ಅರ್ಧ ಅಳಿಸಿದೆ. ಹಾಸಿಗೆ ಹಿಡಿದ ಅಜ್ಜಿಗೆ ಈಗ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಸಿಗುತ್ತಿದೆ. ನರ್ಸು ಬಂದದ್ದೇ ಗೊತ್ತಾಗುವುದಿಲ್ಲ ಎಂಬುದೊಂದೇ ಅವರ ದೂರು.

ಇನ್ನೇನು ಆಸೆ ಎಂದು ಕೇಳುತ್ತೇನೆ, ಕೇಳಲೇಬೇಕಾದ ಪ್ರಶ್ನೆ ಎಂಬಂತೆ. ಕಿವಿಯಕ್ಕ ಸ್ಕ್ರೂಡ್ರೈವರಿನ ಹಿಡಿಯನ್ನು ಸೆರಗಿನಲ್ಲಿ ಒರೆಸುತ್ತಾರೆ.

"ಆಸೆ ಏನಿಲ್ಲ. ನಾದಿನಿ ಬೆಳಗ್ಗೆ ಐದೂವರೆಗೆ ಡ್ಯೂಟಿಗೆ ಹೋಗ್ತಾಳೆ. ಹಳೇ ಕಾರು ಹೊರಟ್ರೆ ಇಡೀ ಬೀದಿ ಎದ್ದು ಕೂರ್ತಿತ್ತು. ಈಗ ಅವಳು ಹೋಗಿದ್ದು ಯಾರಿಗೂ ಕೇಳಲ್ಲ." ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ ಚೀಲದಲ್ಲಿಡುತ್ತಾರೆ. "ನನಗೆ ಕೇಳುತ್ತೆ."